ಪಿಪಿಎಫ್ ವಿಮರ್ಶೆ: ಹದಿನೈದು ವರ್ಷ ದಾಟಿದ ಮೇಲೆ ಬೆಲೆ ಬರುವ ಖಾತೆ

ಐವತ್ತಕ್ಕೋ ಐವತ್ತೈದಕ್ಕೋ ಸಂಬಳ ನಿಂತರೂ ಮನೆ ನಡೆಯಬೇಕು ಎಂದು ಲೆಕ್ಕ ಹಾಕುವವರು ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಹೆಸರು ಬಂದಾಗ ಸಾಮಾನ್ಯವಾಗಿ ಎರಡು ಮಾತು ಆಡುತ್ತಾರೆ. ಶೇ 7.1 ಬಡ್ಡಿ ಯಾವ ಮೂಲೆಗೆ ಎಂಬುದು ಒಂದು. ಹದಿನೈದು ವರ್ಷ ಹಣ ಕಟ್ಟಿಹಾಕಿ ಕೂರುವುದು ಹೇಗೆ ಎಂಬುದು ಇನ್ನೊಂದು. ಎರಡರಲ್ಲೂ ಹುರುಳಿದೆ. ಆದರೆ ಇಬ್ಬರೂ ನೋಡುತ್ತಿರುವುದು ಖಾತೆಯ ಮೊದಲ ಹದಿನೈದು ವರ್ಷವನ್ನು ಮಾತ್ರ. ಆ ಅವಧಿಯಲ್ಲಿ ಪಿಪಿಎಫ್ ಹಟಮಾರಿ ಪೆಟ್ಟಿಗೆ, ನಿಜ. ಅವಧಿ ಮುಗಿದ ಮಾರನೇ ದಿನದಿಂದ ಅದೇ ಖಾತೆ ವರ್ಷಕ್ಕೊಮ್ಮೆ ಬೇಕಾದಷ್ಟು ತೆಗೆಯಬಹುದಾದ, ತೆಗೆದದ್ದಕ್ಕೆ ಒಂದು ರೂಪಾಯಿ ತೆರಿಗೆಯಿಲ್ಲದ, ಉಳಿದದ್ದಕ್ಕೆ ಬಡ್ಡಿ ಬೆಳೆಯುತ್ತಲೇ ಇರುವ ಖಜಾನೆಯಾಗುತ್ತದೆ. ದುಡಿಮೆ ಬೇಗ ನಿಲ್ಲಿಸುವವರಿಗೆ ಬೇಕಿರುವುದು ಈ ಎರಡನೇ ಘಟ್ಟ. ಅದನ್ನು ಹಣದಿಂದ ಕೊಳ್ಳಲಾಗುವುದಿಲ್ಲ, ತಾರೀಖಿನಿಂದ ಮಾತ್ರ ಕೊಳ್ಳಬಹುದು.

ಮೊದಲು ಮೂಲ ಸಂಗತಿ. ಸಾರ್ವಜನಿಕ ಭವಿಷ್ಯ ನಿಧಿ 1968ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಯೋಜನೆ. ಈಗ ನಡೆಯುತ್ತಿರುವುದು 2019ರ ಡಿಸೆಂಬರ್‌ನಲ್ಲಿ ಹೊರಡಿಸಿದ ಹೊಸ ನಿಯಮಗಳ ಪ್ರಕಾರ. ಒಂದು ಹಣಕಾಸು ವರ್ಷದಲ್ಲಿ ಕನಿಷ್ಠ 500 ರೂಪಾಯಿ, ಗರಿಷ್ಠ 1.5 ಲಕ್ಷ ಕಟ್ಟಬಹುದು. 50ರ ಗುಣಕದಲ್ಲಿ ಎಷ್ಟು ಸಲ ಬೇಕಾದರೂ ಕಟ್ಟಬಹುದು. ಒಬ್ಬರಿಗೆ ಒಂದೇ ಖಾತೆ, ಜಂಟಿ ಖಾತೆಗೆ ಅವಕಾಶವಿಲ್ಲ. ಅಂಚೆ ಕಚೇರಿ, ಸ್ಟೇಟ್ ಬ್ಯಾಂಕ್, ರಾಷ್ಟ್ರೀಕೃತ ಬ್ಯಾಂಕುಗಳು ಮತ್ತು ಕೆಲವು ಖಾಸಗಿ ಬ್ಯಾಂಕುಗಳಲ್ಲಿ ತೆರೆಯಬಹುದು. ಎಲ್ಲಿ ತೆರೆದರೂ ಬಡ್ಡಿ ಒಂದೇ, ನಿಯಮ ಒಂದೇ.

ಬಡ್ಡಿ ದರದ ಬಗ್ಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಎಫ್‌ಡಿಯಲ್ಲಿ ಇಟ್ಟ ದಿನದ ದರವೇ ಕೊನೆಯವರೆಗೆ ಸಿಗುತ್ತದೆ. ಪಿಪಿಎಫ್‌ನಲ್ಲಿ ಹಾಗಿಲ್ಲ. ಹಣಕಾಸು ಸಚಿವಾಲಯ ಮೂರು ತಿಂಗಳಿಗೊಮ್ಮೆ ದರ ಪ್ರಕಟಿಸುತ್ತದೆ, ಅದು ಖಾತೆಯಲ್ಲಿರುವ ಇಡೀ ಮೊತ್ತಕ್ಕೆ ಅನ್ವಯಿಸುತ್ತದೆ. 1986ರಿಂದ 2000ದ ಜನವರಿವರೆಗೆ ಶೇ 12 ಇತ್ತು. 2003ರಿಂದ ಎಂಟು ವರ್ಷಕ್ಕೂ ಹೆಚ್ಚು ಕಾಲ ಶೇ 8ರಲ್ಲಿ ನಿಂತಿತ್ತು. 2020ರ ಏಪ್ರಿಲ್‌ನಲ್ಲಿ 7.9ರಿಂದ 7.1ಕ್ಕೆ ಇಳಿದದ್ದು 2025ರ ಉದ್ದಕ್ಕೂ ಅಲ್ಲೇ ಇತ್ತು. ಹಾಗಾಗಿ ಇಪ್ಪತ್ತೈದು ವರ್ಷದ ಲೆಕ್ಕವನ್ನು 7.1ರಲ್ಲೇ ಹಾಕಿ ನೆಮ್ಮದಿಯಾಗಿರುವುದು ಸರಿಯಲ್ಲ. ಯೋಜನೆಯನ್ನು ಶೇ 6.5ರಲ್ಲೂ ಒಮ್ಮೆ ಓಡಿಸಿ ನೋಡಿ.

ಗಡಿಯಾರ ಯಾವಾಗ ಶುರುವಾಗುತ್ತದೆ

ಹದಿನೈದು ವರ್ಷವನ್ನು ಎಣಿಸುವುದು ಖಾತೆ ತೆರೆದ ದಿನದಿಂದ ಅಲ್ಲ, ಖಾತೆ ತೆರೆದ ಹಣಕಾಸು ವರ್ಷದ ಕೊನೆಯಿಂದ. 2027ರ ಮಾರ್ಚ್ 28ರಂದು ತೆರೆದ ಖಾತೆಯ ಎಣಿಕೆ ಮೂರೇ ದಿನದಲ್ಲಿ ಶುರುವಾಗಿ 2042ರ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅದೇ ಖಾತೆಯನ್ನು ಎಂಟು ದಿನ ತಡೆದು ಏಪ್ರಿಲ್ 5ಕ್ಕೆ ತೆರೆದರೆ 2043ರ ಮಾರ್ಚ್ 31ರವರೆಗೆ ಕಾಯಬೇಕು. ಎಂಟು ದಿನಕ್ಕೆ ಒಂದು ಇಡೀ ವರ್ಷದ ದಂಡ. ಇದೇ ಎಣಿಕೆಯಿಂದಾಗಿ ಅವಧಿಯೊಳಗೆ ಹದಿನೈದಲ್ಲ, ಹದಿನಾರು ವರ್ಷದ ಕಂತು ಕಟ್ಟಲು ಸಾಧ್ಯ.

ಇದರಿಂದ ಹೊರಡುವ ಸಲಹೆ ಸರಳ. ಹಣ ಕೂಡಿದ ಮೇಲೆ ತೆರೆಯೋಣ ಎಂದು ಕಾಯಬೇಡಿ. 500 ರೂಪಾಯಿ ಕಟ್ಟಿ ಈ ಮಾರ್ಚ್ 31ರೊಳಗೆ ಖಾತೆ ತೆರೆದುಬಿಡಿ. ಮುಂದಿನ ಐದಾರು ವರ್ಷ ಮನೆ ಸಾಲ, ಮಕ್ಕಳ ಶಾಲೆ ಎಂದು ಕೈ ಬಿಗಿಯಾಗಿದ್ದರೆ ವರ್ಷಕ್ಕೆ 500 ಮಾತ್ರ ಹಾಕುತ್ತಾ ಬನ್ನಿ. ಕೈ ಸಡಿಲವಾದಾಗ 1.5 ಲಕ್ಷ ತುಂಬಿದರೆ ಆ ಹಣಕ್ಕೆ ಕಾಯಬೇಕಾದದ್ದು ಉಳಿದ ಒಂಬತ್ತು ಹತ್ತು ವರ್ಷ ಮಾತ್ರ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರು, 80ಸಿ ಎಂದು ಕರೆಯುವ ಉಳಿತಾಯದ ತೆರಿಗೆ ಕಡಿತ ಸಿಗುವುದಿಲ್ಲವಲ್ಲ, ಇನ್ನೇಕೆ ಎನ್ನುತ್ತಾರೆ. ಕಡಿತ ಹೋಗಿದೆ ನಿಜ, ಆದರೆ ಬಡ್ಡಿಗೂ ಕೊನೆಯಲ್ಲಿ ತೆಗೆಯುವ ಮೊತ್ತಕ್ಕೂ ಇರುವ ವಿನಾಯಿತಿ ಎರಡೂ ಪದ್ಧತಿಯಲ್ಲಿ ಹಾಗೇ ಇದೆ. ದೀರ್ಘಾವಧಿಯಲ್ಲಿ ದೊಡ್ಡ ಲಾಭ ಇರುವುದೂ ಅದರಲ್ಲೇ.

ಮಕ್ಕಳ ಹೆಸರಿನಲ್ಲಿಯೂ ಇದೇ ತಂತ್ರ ನಡೆಯುತ್ತದೆ. ತಂದೆ ಅಥವಾ ತಾಯಿ, ಇಬ್ಬರಲ್ಲಿ ಒಬ್ಬರು ಮಗುವಿನ ಹೆಸರಿಗೆ ಖಾತೆ ತೆರೆಯಬಹುದು. ಮೂರು ವರ್ಷದ ಮಗುವಿಗೆ ವರ್ಷಕ್ಕೆ 500 ಹಾಕಿ ನಡೆಸಿದರೆ ಅದು ಕಾಲೇಜು ಸೇರುವ ಹೊತ್ತಿಗೆ ಅವಧಿ ಮುಗಿದ ಖಾತೆ ಅದರ ಕೈಯಲ್ಲಿರುತ್ತದೆ. ಹದಿನೆಂಟು ತುಂಬಿದಾಗ ಖಾತೆ ಮಗುವಿನ ಹೆಸರಿಗೇ ಬದಲಾಗುತ್ತದೆ, ಹಳೆಯ ತಾರೀಖು ಉಳಿಯುತ್ತದೆ. ಆದರೆ ಎಚ್ಚರಿಕೆ ಬೇಕಾದ ಜಾಗ ಒಂದಿದೆ. ನಿಮ್ಮ ಖಾತೆ, ಪಾಲಕರಾಗಿ ನೀವು ನಡೆಸುವ ಮಗುವಿನ ಖಾತೆ, ಎರಡೂ ಸೇರಿ ವರ್ಷಕ್ಕೆ 1.5 ಲಕ್ಷವೇ ಮಿತಿ. ಮೀರಿ ಕಟ್ಟಿದ್ದಕ್ಕೆ ಬಡ್ಡಿ ಬರುವುದಿಲ್ಲ. ಎರಡು ಬೇರೆ ಬ್ಯಾಂಕಿನಲ್ಲಿ ಖಾತೆ ಇದ್ದರೆ ಕಂಪ್ಯೂಟರ್ ಇದನ್ನು ಆಗಲೇ ತಡೆಯದೇ ಹೋಗಬಹುದು, ಸಿಕ್ಕಿಬೀಳುವುದು ವರ್ಷಗಳ ನಂತರ.

ಹೆಂಡತಿ ಅಥವಾ ಗಂಡನ ಖಾತೆಗೆ ಮಿತಿ ಬೇರೆ. ದಂಪತಿ ಸೇರಿ ವರ್ಷಕ್ಕೆ 3 ಲಕ್ಷ ಇಡಬಹುದು. ಸಂಗಾತಿಗೆ ಕೊಟ್ಟ ಹಣದಿಂದ ಹುಟ್ಟುವ ಆದಾಯವನ್ನು ಕೊಟ್ಟವರ ಆದಾಯಕ್ಕೆ ಸೇರಿಸಬೇಕೆಂಬ ನಿಯಮವಿದೆ. ಆದರೆ ಪಿಪಿಎಫ್ ಬಡ್ಡಿಗೇ ತೆರಿಗೆ ಇಲ್ಲದ ಕಾರಣ ಸೇರಿಸಿದರೂ ಹೊರೆ ಬೀಳುವುದಿಲ್ಲ. ಹೊರಗೆ ದುಡಿಯದ ಸಂಗಾತಿಯ ಹೆಸರಲ್ಲಿ ಖಾತೆ ಇಲ್ಲದ ಮನೆಗಳು ಬಹಳ, ಅವರಿಗೆ ಇದು ಸುಮ್ಮನೆ ಕೈಬಿಟ್ಟ ಅವಕಾಶ.

ಐದನೇ ತಾರೀಖು

ಪ್ರತಿ ತಿಂಗಳ ಐದನೇ ತಾರೀಖಿನ ಕೊನೆಯಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತಕ್ಕೆ ಆ ತಿಂಗಳ ಬಡ್ಡಿ ಲೆಕ್ಕವಾಗುತ್ತದೆ. ಖಾತೆಗೆ ಸೇರುವುದು ಮಾತ್ರ ಮಾರ್ಚ್ 31ಕ್ಕೆ ಒಮ್ಮೆ. ಏಪ್ರಿಲ್ 5ರೊಳಗೆ 1.5 ಲಕ್ಷ ಕಟ್ಟಿದರೆ ಆ ಕಂತಿಗೆ ಮೊದಲ ವರ್ಷ 10,650 ರೂಪಾಯಿ ಬಡ್ಡಿ. ಏಪ್ರಿಲ್ 6ಕ್ಕೆ ಕಟ್ಟಿದರೆ 887 ರೂಪಾಯಿ ಖೋತಾ. ತೆರಿಗೆ ನೆನಪಾಗಿ ಮಾರ್ಚ್ ಕೊನೆಯಲ್ಲಿ ಕಟ್ಟಿದರೆ ಆ ವರ್ಷ ಆ ಕಂತಿಗೆ ಸೊನ್ನೆ.

ಇದು ಚಿಲ್ಲರೆ ವಿಷಯದಂತೆ ಕಾಣುತ್ತದೆ. ದರ 7.1ರಲ್ಲೇ ಇರುತ್ತದೆಂದು ಹಿಡಿದು ಹದಿನೈದು ಕಂತಿನ ಲೆಕ್ಕ ಹಾಕಿದರೆ, ಪ್ರತಿ ಏಪ್ರಿಲ್ ಮೊದಲ ವಾರ ಕಟ್ಟಿದವರಿಗೆ ಸುಮಾರು 40.68 ಲಕ್ಷ. ತಿಂಗಳಿಗೆ 12,500ರಂತೆ ಐದರೊಳಗೆ ಕಟ್ಟಿದವರಿಗೆ ಸುಮಾರು 39.44 ಲಕ್ಷ. ಪ್ರತಿ ಮಾರ್ಚ್ ಕೊನೆಯಲ್ಲಿ ಕಟ್ಟಿದವರಿಗೆ ಸುಮಾರು 37.98 ಲಕ್ಷ. ಕಟ್ಟಿದ ಹಣ ಮೂವರದ್ದೂ 22.5 ಲಕ್ಷವೇ.

ಎಡವಟ್ಟಾಗುವುದು ಹೀಗೆ. ಸಂಬಳದ ಖಾತೆಯಿಂದ ತಾನಾಗಿ ಹೋಗಲಿ ಎಂದು ಐದನೇ ತಾರೀಖನ್ನೇ ಗೊತ್ತುಮಾಡಿರುತ್ತಾರೆ. ಆ ದಿನ ರಜೆ ಬಂದರೆ ಹಣ ಆರಕ್ಕೆ ಸೇರುತ್ತದೆ, ತಿಂಗಳ ಬಡ್ಡಿ ಹೋಯಿತು. ಎರಡು ಅಥವಾ ಮೂರನೇ ತಾರೀಖು ಹಾಕಿ. ಏಪ್ರಿಲ್ 1ರಂದು ಬ್ಯಾಂಕುಗಳಲ್ಲಿ ವರ್ಷಾಂತ್ಯದ ಲೆಕ್ಕದ ಕಾರಣ ಗ್ರಾಹಕರ ಕೆಲಸ ನಡೆಯುವುದಿಲ್ಲ, ಅದನ್ನೂ ಗಮನದಲ್ಲಿಡಿ. ಚೆಕ್ ಕೊಡುವುದಾದರೆ ಲೆಕ್ಕಕ್ಕೆ ಬರುವುದು ಚೆಕ್ ಕೊಟ್ಟ ದಿನವಲ್ಲ, ಹಣ ವಸೂಲಾದ ದಿನ. ಐದರೊಳಗೆ ವಸೂಲಾಗುವಂತೆ ಮುಂಚೆಯೇ ಕೊಡಬೇಕು.

ಒಂದು ವರ್ಷ 500 ಕಟ್ಟಲು ಮರೆತರೆ ಖಾತೆ ಸ್ಥಗಿತ ಎಂದು ದಾಖಲಾಗುತ್ತದೆ. ಬಡ್ಡಿ ನಿಲ್ಲುವುದಿಲ್ಲ, ಆದರೆ ಸಾಲ ಮತ್ತು ಭಾಗಶಃ ಹಿಂಪಡೆಯುವ ಹಕ್ಕು ನಿಲ್ಲುತ್ತವೆ. ತಪ್ಪಿದ ಪ್ರತಿ ವರ್ಷಕ್ಕೆ 500 ಕಂತು, 50 ದಂಡ ಕಟ್ಟಿ ಚಾಲೂ ಮಾಡಿಸಬಹುದು. ಅವಧಿ ಮುಗಿಯುವ ಮೊದಲೇ ಮಾಡಿಸಬೇಕು, ಆಮೇಲೆ ದಾರಿಯಿಲ್ಲ. ಹಳೆಯ ಸ್ಥಗಿತ ಖಾತೆ ಇರುವವರು ಅದನ್ನು ಬಿಟ್ಟು ಹೊಸತು ತೆರೆಯುವುದು ದೊಡ್ಡ ತಪ್ಪು. ಎರಡನೇ ಖಾತೆ ನಿಯಮಬಾಹಿರ, ಅದಲ್ಲದೆ ಹಳೆಯ ತಾರೀಖಿನ ಬೆಲೆ ಆ 550ಕ್ಕಿಂತ ಎಷ್ಟೋ ಹೆಚ್ಚು.

ನಡುವೆ ಹಣ ಬೇಕಾದರೆ

ಮೂರನೇ ಹಣಕಾಸು ವರ್ಷದಿಂದ ಆರನೇ ವರ್ಷದವರೆಗೆ ಸಾಲ ಸಿಗುತ್ತದೆ. ಅರ್ಜಿ ಹಾಕುವ ವರ್ಷಕ್ಕೆ ಎರಡು ವರ್ಷ ಹಿಂದಿನ ಕೊನೆಯಲ್ಲಿದ್ದ ಮೊತ್ತದ ಶೇ 25ರವರೆಗೆ. ಅಸಲನ್ನು 36 ತಿಂಗಳಲ್ಲಿ ತೀರಿಸಿದರೆ ಬಡ್ಡಿ ಶೇ 1, ತಪ್ಪಿದರೆ ಶೇ 6.

ಏಳನೇ ಹಣಕಾಸು ವರ್ಷದಿಂದ ವರ್ಷಕ್ಕೊಮ್ಮೆ ಭಾಗಶಃ ತೆಗೆಯಬಹುದು. ಅರ್ಧ ಹಣ ಸಿಗುತ್ತದೆ ಎಂದು ಬಾಯಿಮಾತಿನಲ್ಲಿ ಹರಡಿರುವುದು ಅರ್ಧ ಸತ್ಯ. ಸಿಗುವುದು ಹಿಂದಿನ ನಾಲ್ಕನೇ ವರ್ಷದ ಕೊನೆಯ ಮೊತ್ತ ಮತ್ತು ಕಳೆದ ವರ್ಷದ ಕೊನೆಯ ಮೊತ್ತ, ಇವುಗಳಲ್ಲಿ ಯಾವುದು ಕಡಿಮೆಯೋ ಅದರ ಅರ್ಧ. 2026ರ ಏಪ್ರಿಲ್ ಮೊದಲ ವಾರ ಖಾತೆ ತೆರೆದು ಪ್ರತಿ ಏಪ್ರಿಲ್‌ನಲ್ಲಿ 1.5 ಲಕ್ಷ ಹಾಕಿದವರನ್ನು ತೆಗೆದುಕೊಳ್ಳಿ. ಮೊದಲ ಸಲ ತೆಗೆಯಲು ಸಾಧ್ಯವಾಗುವುದು 2032ರ ಏಪ್ರಿಲ್‌ನಲ್ಲಿ. ಆಗ ಪಾಸ್‌ಬುಕ್‌ನಲ್ಲಿ ಸುಮಾರು 11.5 ಲಕ್ಷ ಇರುತ್ತದೆ. ಲೆಕ್ಕಕ್ಕೆ ಹಿಡಿಯುವುದು 2029ರ ಮಾರ್ಚ್ 31ರ ಸುಮಾರು 5.17 ಲಕ್ಷವನ್ನು. ಕೈಗೆ ಬರುವುದು 2.58 ಲಕ್ಷ, ಅಂದರೆ ಇರುವುದರ ಕಾಲು ಭಾಗಕ್ಕೂ ಕಡಿಮೆ. ಈ ಹಣ ನಂಬಿ ಮದುವೆಯದೋ ಮನೆಯದೋ ಮುಂಗಡ ಕೊಡಬೇಡಿ.

ಅವಧಿಗೆ ಮುನ್ನ ಖಾತೆ ಮುಚ್ಚಲು ಐದು ವರ್ಷ ತುಂಬಿರಬೇಕು, ಕಾರಣವೂ ನಿಗದಿತ: ಸ್ವಂತಕ್ಕೆ, ಸಂಗಾತಿಗೆ, ಅವಲಂಬಿತ ಮಕ್ಕಳಿಗೆ ಅಥವಾ ತಂದೆತಾಯಿಗೆ ಪ್ರಾಣಾಪಾಯದ ಕಾಯಿಲೆ, ಉನ್ನತ ಶಿಕ್ಷಣ, ಇಲ್ಲವೇ ಅನಿವಾಸಿಯಾಗುವುದು. ಆಗ ಶುರುವಿನಿಂದಲೂ ಶೇ 1ರಷ್ಟು ಬಡ್ಡಿ ಕಡಿತವಾಗುತ್ತದೆ. ಒಟ್ಟಿನಲ್ಲಿ ಇದು ತುರ್ತು ನಿಧಿಯಲ್ಲ. ಆರು ತಿಂಗಳ ಖರ್ಚು ಬೇರೆಡೆ ಇಟ್ಟ ಮೇಲೆಯೇ ಇಲ್ಲಿ ದೊಡ್ಡ ಕಂತು ಹಾಕಬೇಕು.

ಇಡುಗಂಟಿನಲ್ಲಿ ಇದರ ಪಾಲು ಎಷ್ಟು

ಇಪ್ಪತ್ತೈದು ವರ್ಷ ತಪ್ಪದೆ 1.5 ಲಕ್ಷ ಹಾಕಿದರೆ 1.03 ಕೋಟಿ ಆಗುತ್ತದೆ ಎಂಬ ಜಾಹೀರಾತು ಎಲ್ಲೆಡೆ ಕಾಣುತ್ತದೆ. ಗುಣಾಕಾರ ಸರಿಯಾಗಿಯೇ ಇದೆ. ಬೆಲೆಯೇರಿಕೆ ವರ್ಷಕ್ಕೆ ಶೇ 6 ಎಂದು ಹಿಡಿದರೆ ಆ 1.03 ಕೋಟಿಯ ಕೊಳ್ಳುವ ಶಕ್ತಿ ಇಂದಿನ ಸುಮಾರು 24 ಲಕ್ಷಕ್ಕೆ ಸಮ. ತಿಂಗಳಿಗೆ 50,000 ಖರ್ಚಿನ ಮನೆ ದುಡಿಮೆ ನಿಲ್ಲಿಸಲು ಮೂವತ್ತು ಪಟ್ಟು ವಾರ್ಷಿಕ ಖರ್ಚನ್ನು ಗುರಿಯಾಗಿಟ್ಟರೆ ಬೇಕಿರುವುದು ಇಂದಿನ ಲೆಕ್ಕದಲ್ಲಿ 1.8 ಕೋಟಿ. ಪಿಪಿಎಫ್ ಒಂದನ್ನೇ ನಂಬಿ ಆರ್ಥಿಕ ಸ್ವಾತಂತ್ರ್ಯ ಮುಟ್ಟಲು ಆಗುವುದಿಲ್ಲ ಎಂದು ನೇರವಾಗಿ ಹೇಳಬೇಕು. ಬೆಳವಣಿಗೆಗೆ ಷೇರು ಸೂಚ್ಯಂಕವನ್ನು ಹಿಂಬಾಲಿಸುವ ಇಂಡೆಕ್ಸ್ ಫಂಡಿನಂತಹ ಷೇರು ಹೂಡಿಕೆ ಬೇಕೇ ಬೇಕು.

ಹಾಗಾದರೆ ಇದರ ಜಾಗ ಯಾವುದು? ಇಡುಗಂಟಿನಲ್ಲಿ ಅಲುಗಾಡಬಾರದ ಭಾಗ, ಅಂದರೆ ಸಾಲಪತ್ರ (ಬಾಂಡ್), ಎಫ್‌ಡಿಗಳ ಜಾಗ. ಅಲ್ಲಿ ಪಿಪಿಎಫ್‌ಗೆ ಸಮನಾದದ್ದು ಸಿಗುವುದು ಕಷ್ಟ. ಶೇ 30ರ ತೆರಿಗೆ ಹಂತದವರಿಗೆ, ಸೆಸ್ ಸೇರಿಸಿ ನೋಡಿದರೆ, ತೆರಿಗೆಯಿಲ್ಲದ 7.1 ಎಂದರೆ ಶೇ 10.3ರ ಎಫ್‌ಡಿಗೆ ಸಮ. ಶೇ 20ರ ಹಂತದವರಿಗೆ ಸುಮಾರು 9. ತೆರಿಗೆಯೇ ಬೀಳದವರಿಗೆ ಮಾತ್ರ ಈ ಮೇಲುಗೈ ಇಲ್ಲ, ಅವರು ಕೈಗೆ ಬೇಗ ಸಿಗುವ ಠೇವಣಿಗಳನ್ನು ಹೋಲಿಸಿ ನೋಡಲಿ. ಸಂಬಳದಾರರಿಗೆ ಸ್ವಯಂಪ್ರೇರಿತ ಪಿಎಫ್, ಅಂದರೆ ಕಡ್ಡಾಯ ಪಿಎಫ್ ವಂತಿಗೆಯ ಮೇಲೆ ಇಚ್ಛೆಯಿಂದ ಕಟ್ಟುವುದು, ಇನ್ನೊಂದು ಆಯ್ಕೆ. ಅಲ್ಲಿ ಉದ್ಯೋಗಿಯ ವಂತಿಗೆ ವರ್ಷಕ್ಕೆ 2.5 ಲಕ್ಷ ದಾಟಿದರೆ ಹೆಚ್ಚಿನ ಭಾಗದ ಬಡ್ಡಿಗೆ 2021ರ ಏಪ್ರಿಲ್‌ನಿಂದ ತೆರಿಗೆ ಇದೆ. ಆ ಗೆರೆಯವರೆಗೆ ಅದು, ಅದರಾಚೆ ಪಿಪಿಎಫ್ ಎಂಬ ಕ್ರಮ ಬಹುಪಾಲು ಸಂಬಳದಾರರಿಗೆ ಒಪ್ಪುತ್ತದೆ.

ಒಂದು ತೊಡಕು ಉಳಿಯುತ್ತದೆ. ಷೇರು ಪೇಟೆ ಕುಸಿದಾಗ ಸ್ಥಿರ ಭಾಗದಿಂದ ತೆಗೆದು ಷೇರಿಗೆ ಹಾಕಿ ಪಾಲು ಸರಿದೂಗಿಸಬೇಕು. ಮೊದಲ ಹದಿನೈದು ವರ್ಷ ಪಿಪಿಎಫ್ ಅದಕ್ಕೆ ಬಗ್ಗುವುದಿಲ್ಲ. ಇರುವ ದಾರಿ ಹೊಸ ಹಣವನ್ನು ತಿರುಗಿಸುವುದು: ಪೇಟೆ ಬಿದ್ದ ವರ್ಷ ಇಲ್ಲಿ 500 ಮಾತ್ರ ಹಾಕಿ ಉಳಿದದ್ದನ್ನು ಅತ್ತ ಕಳಿಸಿ, ಏರಿದ ವರ್ಷ ಇಲ್ಲಿ ಪೂರ್ತಿ ತುಂಬಿ. ಮಿತಿ ವರ್ಷ ವರ್ಷಕ್ಕೂ ಪ್ರತ್ಯೇಕ, ಕಳೆದುಹೋದ ಮಿತಿ ಮತ್ತೆ ಬರುವುದಿಲ್ಲ ಎಂಬುದು ಇದರ ಬೆಲೆ.

ಅಂಚೆಯೋ ಬ್ಯಾಂಕೋ

ಮೊಬೈಲಿನಲ್ಲೇ ಕಂತು ಕಟ್ಟಿ, ಸ್ಟೇಟ್‌ಮೆಂಟ್ ನೋಡಿ ಮುಗಿಸುವವರಿಗೆ ಉಳಿತಾಯ ಖಾತೆ ಇರುವ ಬ್ಯಾಂಕೇ ಸುಲಭ. ಅಂಚೆ ಕಚೇರಿ ಹಳ್ಳಿಯವರಿಗೆ ಹತ್ತಿರ, ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಆ್ಯಪ್ ಮೂಲಕ ಅಲ್ಲಿಯ ಖಾತೆಗೂ ಕಂತು ಕಟ್ಟಬಹುದು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ವರ್ಗಾವಣೆಯೂ ಸಾಧ್ಯ, ಖಾತೆಯ ವಯಸ್ಸು ಉಳಿಯುತ್ತದೆ. ಆದರೆ ಕಾಗದಪತ್ರ ಓಡಾಡುವ ಆ ವಾರಗಳಲ್ಲಿ ತಪ್ಪು ನುಸುಳುತ್ತದೆ. ವರ್ಗಾವಣೆಗೆ ಮೊದಲು ಪಾಸ್‌ಬುಕ್ ಪೂರ್ತಿ ಮುದ್ರಿಸಿ ಎಲ್ಲ ಪುಟಗಳ ನಕಲು ಇಟ್ಟುಕೊಳ್ಳಿ. ಹೊಸ ಶಾಖೆಯಲ್ಲಿ ಮೂರು ವಿಷಯ ನೋಡಿ: ಖಾತೆ ತೆರೆದ ಮೂಲ ದಿನಾಂಕ, ಆ ವರ್ಷ ಆಗಲೇ ಕಟ್ಟಿದ ಮೊತ್ತ, ನಾಮಿನಿ ಹೆಸರು. ಮೂಲ ದಿನಾಂಕದ ಬದಲು ವರ್ಗಾವಣೆಯ ದಿನಾಂಕ ಬಿದ್ದರೆ ಇಷ್ಟು ವರ್ಷದ ಕಾಯುವಿಕೆ ನೀರುಪಾಲು. ಅಂಥದ್ದು ಕಂಡರೆ ಆ ದಿನವೇ ಲಿಖಿತ ಅರ್ಜಿ ಕೊಡಿ. ಏಪ್ರಿಲ್‌ನ ಕಂತು ಕಟ್ಟಿ ಖಾತೆ ಶಾಂತವಾಗಿರುವ ಮೇ, ಜೂನ್ ತಿಂಗಳು ವರ್ಗಾವಣೆಗೆ ಒಳ್ಳೆಯ ಕಾಲ.

ನಾಮಿನಿ ನಾಲ್ವರವರೆಗೆ ಇರಬಹುದು. ಖಾತೆದಾರ ತೀರಿಕೊಂಡರೆ ನಾಮಿನಿ ಖಾತೆ ಮುಂದುವರಿಸುವಂತಿಲ್ಲ, ಹಣ ಪಡೆದು ಮುಚ್ಚಬೇಕು. ಅನಿವಾಸಿಯಾದವರು ಮೊದಲೇ ಇದ್ದ ಖಾತೆಯನ್ನು ಅವಧಿ ಮುಗಿಯುವವರೆಗೆ ನಡೆಸಬಹುದು, ವಿಸ್ತರಣೆ ಇಲ್ಲ. ಇನ್ನೊಂದು ಬಲ ಈ ಖಾತೆಗಿದೆ, ವ್ಯಾಪಾರಸ್ಥರು ತಿಳಿದಿರಬೇಕಾದದ್ದು: ಸಾಲ ಕೊಟ್ಟವರು ಕೋರ್ಟಿನ ಆದೇಶ ತಂದರೂ ಪಿಪಿಎಫ್ ಹಣ ಜಪ್ತಿ ಮಾಡುವಂತಿಲ್ಲ. ತೆರಿಗೆ ಬಾಕಿಗೆ ಆ ರಕ್ಷಣೆ ಇಲ್ಲ.

ಹದಿನೈದು ತುಂಬಿದ ಮೇಲೆ

ಮೂರು ದಾರಿ. ಮುಚ್ಚಿ ಪೂರ್ತಿ ಹಣ ಪಡೆಯುವುದು. ಹೊಸ ಕಂತು ಕಟ್ಟದೆ ಹಾಗೇ ಬಿಡುವುದು. ಕಂತು ಕಟ್ಟುತ್ತಾ ಐದೈದು ವರ್ಷ ವಿಸ್ತರಿಸುವುದು, ಇದನ್ನು ಎಷ್ಟು ಸಲ ಬೇಕಾದರೂ ಮಾಡಬಹುದು.

ಇನ್ನೂ ದುಡಿಯುತ್ತಿರುವವರಿಗೆ ಕಂತು ಸಹಿತ ವಿಸ್ತರಣೆ ಒಪ್ಪುತ್ತದೆ. ಅಲ್ಲಿ ಐದು ವರ್ಷದ ಶುರುವಿನಲ್ಲಿ ಇದ್ದ ಮೊತ್ತದ ಶೇ 60ರಷ್ಟನ್ನು ಆ ಐದು ವರ್ಷದಲ್ಲಿ ಒಟ್ಟಾರೆ ತೆಗೆಯಬಹುದು, ವರ್ಷಕ್ಕೊಮ್ಮೆ. 40.68 ಲಕ್ಷ ಇದ್ದರೆ 24.4 ಲಕ್ಷ. ದುಡಿಮೆ ನಿಲ್ಲಿಸಿದವರಿಗೆ ಕಂತಿಲ್ಲದ ದಾರಿ ಒಳ್ಳೆಯದು, ಅಲ್ಲಿ ಮೊತ್ತದ ಮಿತಿಯೇ ಇಲ್ಲ, ವರ್ಷಕ್ಕೊಮ್ಮೆ ಎಂಬ ಕಟ್ಟಳೆ ಮಾತ್ರ. ಅದೇ 40.68 ಲಕ್ಷಕ್ಕೆ ವರ್ಷದ ಬಡ್ಡಿ ಸುಮಾರು 2.89 ಲಕ್ಷ, ತಿಂಗಳಿಗೆ 24,000ದಷ್ಟು. ದಂಪತಿಗೆ ಎರಡು ಖಾತೆ ಇದ್ದರೆ ಇಬ್ಬರೂ ಒಂದೇ ತಿಂಗಳು ತೆಗೆಯದೆ ಒಬ್ಬರು ಏಪ್ರಿಲ್, ಒಬ್ಬರು ಅಕ್ಟೋಬರ್ ಎಂದು ಹಂಚಿಕೊಂಡರೆ ವರ್ಷಕ್ಕೊಮ್ಮೆ ಎಂಬ ಬಿಗಿ ಅರ್ಧ ಸಡಿಲವಾಗುತ್ತದೆ. ತೆಗೆಯುವುದನ್ನು ತಿಂಗಳ ಮೊದಲ ದಿನಗಳಲ್ಲೇ ತೆಗೆಯಿರಿ. ಒಂದಕ್ಕೆ ತೆಗೆದರೂ ಇಪ್ಪತ್ತೆಂಟಕ್ಕೆ ತೆಗೆದರೂ ಆ ತಿಂಗಳ ಬಡ್ಡಿ ಹೋಗುವುದು ಒಂದೇ, ಮೊದಲೇ ತೆಗೆದರೆ ಹಣ ಉಳಿತಾಯ ಖಾತೆಯಲ್ಲಾದರೂ ದುಡಿಯುತ್ತದೆ. ಬಡ್ಡಿಗೆ ತೆರಿಗೆ ಇಲ್ಲದಿದ್ದರೂ ರಿಟರ್ನ್ಸ್ ಸಲ್ಲಿಸುವಾಗ ವಿನಾಯಿತಿ ಆದಾಯದ ಕಲಂನಲ್ಲಿ ತೋರಿಸಿ.

ಅತಿ ಹೆಚ್ಚು ಜನ ಎಡವುವುದು ಫಾರಂ 4ರಲ್ಲಿ. ಕಂತು ಸಹಿತ ಮುಂದುವರಿಯಬೇಕಾದರೆ ಅವಧಿ ಮುಗಿದ ಒಂದು ವರ್ಷದೊಳಗೆ ಅದನ್ನು ಕೊಡಲೇಬೇಕು. ಕೊಡದಿದ್ದರೆ ಖಾತೆ ಕಂತಿಲ್ಲದ ದಾರಿಗೆ ತಾನಾಗಿ ಹೊರಳುತ್ತದೆ, ಮತ್ತೆ ಹಿಂದಕ್ಕೆ ಬರಲಾಗುವುದಿಲ್ಲ. ಆಮೇಲೂ ಆನ್‌ಲೈನ್‌ನಲ್ಲಿ ಕಂತು ಹೋಗುತ್ತಲೇ ಇದ್ದರೆ ಆ ಹಣಕ್ಕೆ ಬಡ್ಡಿಯೂ ಇಲ್ಲ, ತೆರಿಗೆ ಕಡಿತವೂ ಇಲ್ಲ. ಪ್ರತಿ ಐದು ವರ್ಷಕ್ಕೂ ಹೊಸ ಫಾರಂ ಬೇಕು, ಒಮ್ಮೆ ಕೊಟ್ಟದ್ದು ಮುಂದಕ್ಕೆ ನಡೆಯುವುದಿಲ್ಲ. ಅವಧಿ ಮುಗಿದ ಏಪ್ರಿಲ್‌ನಲ್ಲಿ ಹೊಸ ಕಂತು ಕಟ್ಟುವ ಮುಂಚೆಯೇ ಫಾರಂ ಕೊಟ್ಟು, ನಕಲಿನ ಮೇಲೆ ಶಾಖೆಯ ಮೊಹರು, ತಾರೀಖು ಹಾಕಿಸಿಕೊಳ್ಳಿ. ಒಂದು ವಾರ ಬಿಟ್ಟು ಹೋಗಿ, ಪಾಸ್‌ಬುಕ್‌ನಲ್ಲಿ ಹೊಸ ಮುಕ್ತಾಯದ ದಿನಾಂಕ ಮುದ್ರಣವಾಗಿದೆಯೇ ನೋಡಿದ ಮೇಲೆ ಹಣ ಹಾಕಿ. ಏಪ್ರಿಲ್ ಐದು ದಾಟಿದರೂ ಚಿಂತೆಯಿಲ್ಲ, 887 ರೂಪಾಯಿ ಹೋದರೆ ಹೋಗಲಿ.